ಪ್ರಶ್ನೋತ್ತರ: ಟೆಸ್ಟ್ ಕೋಡ್ ಪ್ರೊಡಕ್ಷನ್ ಜಾರ್‌ಗೆ ನುಸುಳುವುದು ಎಲ್ಲಿಂದ?

ಪ್ರಶ್ನೆ: ನಮ್ಮದು ಮೇವನ್‌ನಲ್ಲಿ (ಜಾವಾ ಬಿಲ್ಡ್ ಉಪಕರಣ) ಬಿಲ್ಡ್ ಆಗುವ ಸ್ಪ್ರಿಂಗ್ ಬೂಟ್ (ಜಾವಾ ಫ್ರೇಮ್‌ವರ್ಕ್) ಅಪ್ಲಿಕೇಶನ್. ಟೆಸ್ಟ್‌ಗಳೆಲ್ಲ ಬೇರೆ ಫೋಲ್ಡರ್‌ನಲ್ಲೇ ಇವೆ. ಆದರೂ ಸರ್ವರ್‌ಗೆ ಹೋದ ಜಾರ್ (ಅಪ್ಲಿಕೇಶನ್‌ನ ಪ್ಯಾಕೇಜ್ ಫೈಲ್) ಬಿಚ್ಚಿ ನೋಡಿದರೆ ಜೆಯೂನಿಟ್, ಮಾಕಿಟೊ ಎಂಬ ಟೆಸ್ಟ್ ಲೈಬ್ರರಿಗಳೆರಡೂ ಒಳಗಿವೆ. ಹೀಗೇಕೆ? ಇದ್ದರೆ ನಷ್ಟವೇನು?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಫೋಲ್ಡರ್ ಬೇರೆ ಮಾಡಿದರೆ ನೀವು ಬರೆದ ಕ್ಲಾಸ್‌ಗಳು ಮಾತ್ರ ಬೇರೆಯಾಗುತ್ತವೆ. 'ಎಸ್‌ಆರ್‌ಸಿ/ಮೇನ್'ನದು 'ಟಾರ್ಗೆಟ್/ಕ್ಲಾಸಸ್'ಗೆ, 'ಎಸ್‌ಆರ್‌ಸಿ/ಟೆಸ್ಟ್'ನದು 'ಟಾರ್ಗೆಟ್/ಟೆಸ್ಟ್-ಕ್ಲಾಸಸ್'ಗೆ ಹೋಗುತ್ತದೆ. ಜಾರ್‌ಗೆ ಸೇರುವುದು ಮೊದಲನೆಯದಷ್ಟೇ. ಲೈಬ್ರರಿಗಳ ಲೆಕ್ಕ ಬೇರೆ. ಬಿಲ್ಡ್‌ನ ವಿವರ ಬರೆಯುವ ಪಾಮ್ ಫೈಲ್‌ನಲ್ಲಿ ಸ್ಕೋಪ್ (ಲೈಬ್ರರಿ ಯಾವ ಹಂತಕ್ಕೆ ಬೇಕು ಎಂಬುದು) ಬರೆಯದೆ ಬಿಟ್ಟ ಡಿಪೆಂಡೆನ್ಸಿಯನ್ನು, ಅಂದರೆ ಬಳಸುವ ಲೈಬ್ರರಿಯನ್ನು, ಮೇವನ್ 'ಕಂಪೈಲ್' ಎಂದೇ ತಿಳಿಯುತ್ತದೆ. ಸ್ಪ್ರಿಂಗ್ ಬೂಟ್ ಅದನ್ನು ಜಾರ್‌ನೊಳಗಿನ 'ಬೂಟ್-ಇನ್ಫ್/ಲಿಬ್'ಗೆ ತುಂಬುತ್ತದೆ.

'ಎಂವಿಎನ್ ಡಿಪೆಂಡೆನ್ಸಿ:ಟ್ರೀ' ಓಡಿಸಿ, ಪ್ರತಿ ಸಾಲಿನ ಕೊನೆಯಲ್ಲಿರುವ ಸ್ಕೋಪ್ ನೋಡಿ. ಜೆಯೂನಿಟ್ ಯಾವುದರ ಕೆಳಗೆ ಬಂದಿದೆಯೋ ಅದಕ್ಕೆ ಸ್ಕೋಪ್ 'ಟೆಸ್ಟ್' ಎಂದು ಕೊಡಿ. ಈಗ ಕಂಪೈಲ್ ಮುರಿದರೆ ಗಾಬರಿ ಬೇಡ, ಹಳೆಯ ಸ್ಕೋಪಿಗೆ ಹಿಂತಿರುಗಲೂ ಬೇಡ. ಮೇನ್ ಫೋಲ್ಡರ್‌ನ ಯಾವುದೋ ಫೈಲ್ ಟೆಸ್ಟ್ ಲೈಬ್ರರಿಯನ್ನು ಇಂಪೋರ್ಟ್ ಮಾಡುತ್ತಿದೆ ಎಂದು ಅದರಿಂದ ಗೊತ್ತಾಗುತ್ತದೆ. ಆ ಫೈಲ್ ಇರಬೇಕಾದದ್ದು ಟೆಸ್ಟ್ ಫೋಲ್ಡರ್‌ನಲ್ಲಿ. ಸಾಗಿಸಿದ ಮೇಲೆ 'ಎಂವಿಎನ್ ಕ್ಲೀನ್ ಪ್ಯಾಕೇಜ್' ಎಂದೇ ಓಡಿಸಿ. 'ಕ್ಲೀನ್' ಬಿಟ್ಟರೆ ಹಳೆಯ ಕ್ಲಾಸ್ ಫೈಲ್ 'ಟಾರ್ಗೆಟ್'ನಲ್ಲೇ ಉಳಿದು ಮತ್ತೆ ಜಾರ್ ಸೇರಬಹುದು. ಕೊನೆಗೆ 'ಜಾರ್ ಟಿಎಫ್' ಕೊಡುವ ಪಟ್ಟಿಯಲ್ಲಿ 'ಜೆಯೂನಿಟ್', 'ಮಾಕಿಟೊ' ಹುಡುಕಿ. ಒಂದು ಸಾಲು ಸಿಕ್ಕರೂ ಬಿಲ್ಡ್ ನಿಲ್ಲುವಂತೆ ಸಿಐಯಲ್ಲಿ (ತಾನಾಗಿ ಬಿಲ್ಡ್ ಓಡಿಸುವ ವ್ಯವಸ್ಥೆ) ಬರೆದಿಡಿ.

ನಷ್ಟ ಜಾರ್‌ನ ಗಾತ್ರದ್ದಷ್ಟೇ ಅಲ್ಲ. ಪಿಎಚ್‌ಪಿ ಲೋಕದ ಸಿವಿಇ-2017-9841 ಎಂಬ ಭದ್ರತಾ ದೋಷ ನೋಡಿ: ಅಲ್ಲಿನ ಟೆಸ್ಟ್ ಲೈಬ್ರರಿ ಪಿಎಚ್‌ಪಿಯೂನಿಟ್‌ನ 4.8.28ಕ್ಕೂ 5.6.3ಕ್ಕೂ ಹಿಂದಿನ ಆವೃತ್ತಿಗಳಲ್ಲಿದ್ದ ಒಂದು ಪುಟ್ಟ ಫೈಲ್, ತನಗೆ ಬಂದ ಕೋಡನ್ನು ಹಾಗೆಯೇ ಓಡಿಸುತ್ತಿತ್ತು. ಲೈಬ್ರರಿಗಳಿರುವ 'ವೆಂಡರ್' ಫೋಲ್ಡರ್ ವೆಬ್‌ಗೆ ತೆರೆದುಕೊಂಡಿದ್ದ ಸರ್ವರ್‌ಗಳಲ್ಲಿ ಯಾರು ಬೇಕಾದರೂ ಅದಕ್ಕೆ ತಮ್ಮ ಕೋಡ್ ಕಳಿಸಬಹುದಿತ್ತು. ಟೆಸ್ಟ್ ಲೈಬ್ರರಿ ಅಲ್ಲಿ ಇರಲೇಬಾರದಿತ್ತು. ಡೆವಲಪ್‌ಮೆಂಟ್‌ಗಷ್ಟೇ ಎಂದು ಗುರುತಿಸಿದ ಲೈಬ್ರರಿಗಳನ್ನು ಬಿಟ್ಟು ಇನ್‌ಸ್ಟಾಲ್ ಮಾಡುವ 'ಕಂಪೋಸರ್ ಇನ್‌ಸ್ಟಾಲ್ --ನೋ-ಡೆವ್' ಎಂದಿದ್ದರೆ ಸಾಕಿತ್ತು.

ಪ್ರಶ್ನೆ: ಮೂರು ಮಾಡ್ಯೂಲ್‌ಗಳಿಗೂ ಬೇಕಾದ ಟೆಸ್ಟ್ ಹೆಲ್ಪರ್‌ಗಳನ್ನು ಎಲ್ಲಿಡಬೇಕು?
— ಓದುಗರೊಬ್ಬರು, ಮೈಸೂರು

ಉತ್ತರ: ಟೆಸ್ಟ್ ಕ್ಲಾಸ್‌ಗಳನ್ನು ತುಂಬಿದ 'ಟೆಸ್ಟ್-ಜಾರ್' ಮಾಡಿ ಹಂಚುವುದು ಒಂದು ದಾರಿ, ಆದರೆ ಅದರಲ್ಲಿ ಎರಡು ತೊಡಕುಗಳಿವೆ. ಹೆಲ್ಪರ್‌ಗಳಿಗೆ ಬೇಕಾದ ಟೆಸ್ಟ್ ಸ್ಕೋಪಿನ ಲೈಬ್ರರಿಗಳು ಅದರ ಜೊತೆ ತಾವಾಗಿ ಬರುವುದಿಲ್ಲ. ಇನ್ನು ಯಾರಾದರೂ 'ಮೇವನ್.ಟೆಸ್ಟ್.ಸ್ಕಿಪ್' ಹಾಕಿ ಬಿಲ್ಡ್ ಮಾಡಿದರೆ ಟೆಸ್ಟ್‌ಗಳು ಕಂಪೈಲೇ ಆಗುವುದಿಲ್ಲ, ಹೀಗಾಗಿ ಆ ಜಾರ್ ಸಿಗದೆ ಮುಂದಿನ ಮಾಡ್ಯೂಲ್ ನಿಂತುಬಿಡುತ್ತದೆ. ('ಸ್ಕಿಪ್‌ಟೆಸ್ಟ್ಸ್' ಆದರೆ ಕಂಪೈಲ್ ಮಾಡಿ, ಓಡಿಸದೆ ಬಿಡುತ್ತದೆ.)

ನಮ್ಮ ಸಲಹೆ: ಹೆಲ್ಪರ್‌ಗಳಿಗೇ ಒಂದು ಪ್ರತ್ಯೇಕ ಮಾಡ್ಯೂಲ್ ಮಾಡಿ. ಅದರಲ್ಲಿ ಕೋಡ್ 'ಎಸ್‌ಆರ್‌ಸಿ/ಮೇನ್'ನಲ್ಲೇ ಇರಲಿ, ಜೆಯೂನಿಟ್‌ಗೆ 'ಕಂಪೈಲ್' ಸ್ಕೋಪೇ ಇರಲಿ. ಉಳಿದ ಮಾಡ್ಯೂಲ್‌ಗಳು ಅದನ್ನು 'ಟೆಸ್ಟ್' ಸ್ಕೋಪಿನಲ್ಲಿ ತೆಗೆದುಕೊಂಡರೆ ಜೆಯೂನಿಟ್ ಕೂಡ ಅಲ್ಲಿ ಟೆಸ್ಟ್‌ಗಷ್ಟೇ ಸೀಮಿತವಾಗುತ್ತದೆ. ಈ ಮಾಡ್ಯೂಲ್‌ಗೆ ನೇರವಾಗಿ ಓಡಿಸಬಲ್ಲ ಜಾರ್ ಕಟ್ಟುವ ಸ್ಪ್ರಿಂಗ್ ಬೂಟ್‌ನ 'ರೀಪ್ಯಾಕೇಜ್' ಮಾತ್ರ ಹಾಕಬೇಡಿ. ಹಾಕಿದರೆ ಕ್ಲಾಸ್‌ಗಳು 'ಬೂಟ್-ಇನ್ಫ್' ಒಳಗೆ ಸೇರಿಕೊಂಡು ಬೇರೆ ಮಾಡ್ಯೂಲ್‌ಗಳಿಗೆ ಸಿಗುವುದಿಲ್ಲ.

ಪ್ರಶ್ನೆ: ಕೋಡ್‌ನಲ್ಲಿ 'ಟೆಸ್ಟ್ ಮೋಡ್ ಆಗಿದ್ದರೆ ದಿನಾಂಕ ಇದು' ಎಂಬ ಇಫ್ ಇಟ್ಟಿದ್ದೇವೆ. ತಪ್ಪೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಪ್ಪು. ಪ್ರೊಡಕ್ಷನ್‌ನಲ್ಲಿ ಓಡುವ ದಾರಿಯನ್ನು ಆಗ ಟೆಸ್ಟ್ ಮುಟ್ಟುವುದೇ ಇಲ್ಲ. ಕ್ಲಾಸಿನ ಕನ್‌ಸ್ಟ್ರಕ್ಟರ್ 'ಜಾವಾ.ಟೈಮ್.ಕ್ಲಾಕ್' ತೆಗೆದುಕೊಳ್ಳಲಿ, ದಿನಾಂಕವನ್ನು 'ಲೋಕಲ್‌ಡೇಟ್.ನೌ(ಕ್ಲಾಕ್)' ಎಂದು ಕೇಳಿ. ಪ್ರೊಡಕ್ಷನ್‌ನಲ್ಲಿ 'ಕ್ಲಾಕ್.ಸಿಸ್ಟಮ್‌ಡಿಫಾಲ್ಟ್‌ಝೋನ್', ಟೆಸ್ಟ್‌ನಲ್ಲಿ 'ಕ್ಲಾಕ್.ಫಿಕ್ಸ್ಡ್' ಕೊಟ್ಟರೆ ಆ ಇಫ್ ಪೂರ್ತಿ ಅಳಿಸಬಹುದು.