ತಾತ ಪೇಟೆ ಬಿಟ್ಟದ್ದು ಯಾಕೆ?

ಮಲ್ಲೇಶ್ವರದ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ನಿಮ್ಮ ಪತ್ರಿಕೆ ತೆರೆದರೆ ಸಾಕು, ಸಕ್ಕರೆ ಕಾಯಿಲೆ, ಬಿ.ಪಿ. ನಮ್ಮ ತಾತ 1892ರಲ್ಲಿ ಬಳೇಪೇಟೆಯಲ್ಲಿ ಹುಟ್ಟಿದವರು. ಹತ್ತು ವರ್ಷದ ಹುಡುಗನಾಗಿದ್ದಾಗ ಮನೆಯವರೆಲ್ಲ ಪೇಟೆ ಬಿಟ್ಟು ಮಲ್ಲೇಶ್ವರಕ್ಕೆ ಬಂದರು. ತಾತ 94 ವರ್ಷ ಬದುಕಿದರು. ಬಾವಿ ನೀರು, ರಾಗಿಮುದ್ದೆ, ಅಷ್ಟೇ. ಒಂದು ಮಾತ್ರೆ ನುಂಗಿದವರಲ್ಲ. ಆಗಿನ ಬೆಂಗಳೂರಿನಲ್ಲಿ ಕಾಯಿಲೆಯೇ ಇರಲಿಲ್ಲ. ಈಗ ಬೀದಿಗೆ ಮೂರು ಆಸ್ಪತ್ರೆ, ಮನೆಗೆ ಮೂರು ರೋಗಿ. 'ಹಿರಿಯರ ಆರೋಗ್ಯದ ಗುಟ್ಟು' ಅಂತ ಒಂದು ಅಂಕಣ ಶುರು ಮಾಡಬಾರದೇ?"

ಸಂಪಾದಕರ ಉತ್ತರ:

ಸ್ವಾಮಿ, ನಿಮ್ಮ ಕಾಗದ ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ಅಕ್ಷರದ ಚೆಂದಕ್ಕೆ. ಈಗ ಇಂಥ ಕೈಬರಹದಲ್ಲಿ ಕಾಗದ ಬರೋದೇ ಅಪರೂಪ.

ಮೊದಲು ಒಪ್ಪುವುದನ್ನು ಒಪ್ಪಿಬಿಡುತ್ತೇನೆ. ರಾಗಿ ಒಳ್ಳೆಯದು. ನಡೆಯುವುದು ಒಳ್ಳೆಯದು. ನಮ್ಮ ಕಾಲದವರು ಕೂತು ಕೂತೇ ಕೆಟ್ಟರು, ನಾನೂ ಸೇರಿ. ಡಾಕ್ಟರು ಬರೆದುಕೊಟ್ಟ ಮಾತ್ರೆಯ ಡಬ್ಬಿ ನನ್ನ ಮೇಜಿನ ಮೇಲೆ ಈಗಲೂ ಇದೆ. ನನ್ನ ಒಪ್ಪಿಗೆ ಇಲ್ಲಿಗೆ ಮುಗಿಯಿತು.

"ಆಗಿನ ಬೆಂಗಳೂರಿನಲ್ಲಿ ಕಾಯಿಲೆಯೇ ಇರಲಿಲ್ಲ" ಅಂತ ಬರೆದಿದ್ದೀರಲ್ಲ, ಆ ಸಾಲಿಗೆ ಉತ್ತರ ನಿಮ್ಮ ಕಾಗದದಲ್ಲೇ ಇದೆ. ಅದರ ಹಿಂದಿನ ಸಾಲುಗಳನ್ನು ಇನ್ನೊಮ್ಮೆ ಓದಿ. ಬಳೇಪೇಟೆಯಲ್ಲಿ ಸ್ವಂತ ಮನೆ, ಕೂಗಿದರೆ ಓಡಿಬರುವ ನೆಂಟರು, ಕೈಗೆ ಸಿಗುವ ಅಂಗಡಿ. ಅದನ್ನೆಲ್ಲ ಬಿಟ್ಟು 1902ರಲ್ಲಿ ನಿಮ್ಮ ಮುತ್ತಾತ ಮಲ್ಲೇಶ್ವರಕ್ಕೆ ಯಾಕೆ ಬಂದರು? ಆಗ ಅದು ಊರಾಚೆ. ರಾತ್ರಿ ನರಿ ಕೂಗುತ್ತಿದ್ದ ಜಾಗ. ಸಂಪಿಗೆ ರಸ್ತೆಯಲ್ಲಿ ದೋಸೆ ತಿನ್ನುವುದಕ್ಕಂತೂ ಅಲ್ಲ, ಅಲ್ವಾ?

ಪ್ಲೇಗಿಗೆ ಹೆದರಿ ಬಂದಿರಬೇಕು. ಬೆಂಗಳೂರಿಗೆ ಪ್ಲೇಗು ಕಾಲಿಟ್ಟದ್ದು 1898ರ ಆಗಸ್ಟಿನಲ್ಲಿ. ಅದಕ್ಕೆ ಎರಡು ವರ್ಷ ಮೊದಲೇ ಮುಂಬಯಿಯಲ್ಲಿ ಕಾಣಿಸಿಕೊಂಡು, ರೈಲಿನ ದಾರಿ ಹಿಡಿದು ಕೆಳಗಿಳಿದಿತ್ತು. ಒಂದು ಸಲ ಬಂದು ಹೋದ ಪಿಡುಗೂ ಅಲ್ಲ. ಚಳಿಗಾಲದ ನೆಂಟನ ಹಾಗೆ ಮತ್ತೆ ಮತ್ತೆ ಬರುತ್ತಿತ್ತು. 1891ರ ಜನಗಣತಿಯಲ್ಲಿ ಪೇಟೆ, ದಂಡು (ಬ್ರಿಟಿಷರ ಕಂಟೋನ್ಮೆಂಟು) ಎರಡೂ ಸೇರಿ ಬೆಂಗಳೂರಲ್ಲಿ ಇದ್ದವರು 1,80,366 ಜನ. 1901ರಲ್ಲಿ 1,59,046. ಇಪ್ಪತ್ತೊಂದು ಸಾವಿರ ಕಡಿಮೆ! ಎಲ್ಲರೂ ಸತ್ತರು ಅಂತಲ್ಲ, ಊರು ಬಿಟ್ಟವರೂ ಬಹಳ. ಆದರೆ ಬೆಂಗಳೂರು ಕುಗ್ಗಿದ ಒಂದು ದಶಕ ಇತ್ತು ಅಂದರೆ ಈಗ ಯಾರಾದರೂ ನಂಬುತ್ತಾರಾ?

ನಮ್ಮ ಅಜ್ಜಿ ತುಮಕೂರು ಕಡೆಯವರು. ಅವರಿಗೆ ಇಸವಿ ಗೊತ್ತಿರಲಿಲ್ಲ. ಅವರ ಪಂಚಾಂಗ ಬೇರೆ. "ಎರಡನೇ ಸಲ ಇಲಿ ಬಿತ್ತಲ್ಲ, ಆಗ ನಿಮ್ಮ ದೊಡ್ಡಪ್ಪ ಬಸುರಲ್ಲಿದ್ದ" ಅನ್ನುತ್ತಿದ್ದರು. ಇಲಿ ಬಿತ್ತು ಅಂದರೆ ಸಾಕು, ಊರು ಖಾಲಿ. ಅಟ್ಟದಿಂದ ಸತ್ತ ಇಲಿ ದೊಪ್ಪನೆ ಬಿದ್ದರೆ ಪ್ಲೇಗು ಬಂತು ಅಂತಲೇ ಅರ್ಥ, ಮನೆಯವರು ಪಾತ್ರೆ ಪಡಗ ಕಟ್ಟಿಕೊಂಡು ಹೊಲದಲ್ಲಿ ಶೆಡ್ಡು ಹಾಕಿಕೊಳ್ಳುತ್ತಿದ್ದರು. ತಿಂಗಳುಗಟ್ಟಲೆ ಅಲ್ಲೇ ಅಡಿಗೆ, ಅಲ್ಲೇ ಬಾಣಂತನ. ನಾನು ಚಿಕ್ಕವನಾಗಿದ್ದಾಗ ಅದನ್ನು ಪಿಕ್‌ನಿಕ್ ಥರ ಕೇಳಿಸಿಕೊಂಡಿದ್ದೆ. ಶೆಡ್ಡಿನಿಂದ ವಾಪಸ್ ಬಂದವರು ಎಷ್ಟು ಜನ ಅಂತ ಕೇಳುವ ಬುದ್ಧಿ ಬಂದಾಗ ಅಜ್ಜಿ ಇರಲಿಲ್ಲ.

ಈಗ ನಿಮ್ಮ ತಾತನ ಪೇಟೆಗೆ ಬನ್ನಿ. ಮುಂದೆ ಅಂಗಡಿ, ಹಿಂದೆ ಮನೆ, ಮಧ್ಯೆ ಮೂಟೆ. ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಕಿಟಕಿ ಇದ್ದರೆ ಅದೊಂದು ವೈಭವ. ತರಗುಪೇಟೆ, ಅಕ್ಕಿಪೇಟೆ ಅಂತ ಹೆಸರೇ ಹೇಳುವ ಹಾಗೆ ಕಾಳುಕಡಿಯ ರಾಶಿ. ಇಲಿಗಳಿಗೆ ಅದಕ್ಕಿಂತ ಒಳ್ಳೆಯ ಅಗ್ರಹಾರ ಬೇಕೇ? ಬೀದಿಯ ಈ ತುದಿಯಲ್ಲಿ ಹೊಕ್ಕ ಇಲಿ ಬಿಸಿಲು ಕಾಣದೆ ಆ ತುದಿಯಲ್ಲಿ ಏಳಬಹುದಿತ್ತು. ಮುಂಬಯಿಯಲ್ಲೂ ಪ್ಲೇಗು ಮೊದಲು ತಲೆಯೆತ್ತಿದ್ದು ಧಾನ್ಯದ ಗೋದಾಮುಗಳಿದ್ದ ಮಾಂಡ್ವಿಯಲ್ಲೇ.

ಬಾವಿ ನೀರನ್ನು ನೀವು ಅಮೃತ ಅಂದಿದ್ದೀರಿ. ಪೇಟೆಯ ಮನೆಯಲ್ಲಿ ಬಾವಿಗೂ ಕಕ್ಕಸಿಗೂ ಎಷ್ಟು ಮಾರು ದೂರ ಇತ್ತು ಅಂತ ತಾತ ಹೇಳಿದ್ದರೇ? ವಾಂತಿಭೇದಿ ಓಡಾಡುತ್ತಿದ್ದದ್ದು ಆ ದಾರಿಯಲ್ಲೇ. 1896ರ ಹೊತ್ತಿಗೆ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಅದಕ್ಕೂ ಜನ ಮೂಗು ಮುರಿದಿರಬೇಕು. ನಾವು ಯಾವುದಕ್ಕೆ ಮುರಿದಿಲ್ಲ ಹೇಳಿ! ಇನ್ನು ಬಡವರ ಕತೆ ಬಿಡಿ, ಮಹಾರಾಜ ಚಾಮರಾಜೇಂದ್ರ ಒಡೆಯರು 1894ರಲ್ಲಿ ಕಲ್ಕತ್ತೆಗೆ ಹೋದವರು ಡಿಫ್ತೀರಿಯಾ ತಗುಲಿ ಅಲ್ಲೇ ತೀರಿಕೊಂಡರು. ಇನ್ನೂ ಮೂವತ್ತೆರಡು ತುಂಬಿರಲಿಲ್ಲ. ಅರಮನೆಯ ಊಟಕ್ಕೇನು ಕಡಿಮೆ ಇತ್ತು?

ನಮ್ಮ ತಲೆಮಾರಿನ ದೊಡ್ಡ ಭ್ರಮೆ ಇದು ಅಂತ ನನ್ನ ಅಭಿಪ್ರಾಯ. 94 ವರ್ಷ ಬದುಕಿದ ತಾತ ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು ಕತೆ ಹೇಳುತ್ತಾರೆ. ನಾಲ್ಕು ವರ್ಷಕ್ಕೆ ಹೋದ ಅವರ ತಂಗಿಗೆ ಮೊಮ್ಮಗನೂ ಇಲ್ಲ, ಕತೆಯೂ ಇಲ್ಲ, ಫೋಟೋವಂತೂ ಇಲ್ಲವೇ ಇಲ್ಲ. ಹೀಗಾಗಿ ಹಳೇ ಕಾಲದ ಸಾಕ್ಷಿ ಹೇಳುವವರೆಲ್ಲ ಗೆದ್ದವರೇ.

ಸೋತವರ ಗುರುತು ಬೇಕಾದರೆ ನಮ್ಮ ಹೆಸರುಗಳಲ್ಲಿ ಹುಡುಕಿ. ತಿಪ್ಪಯ್ಯ, ತಿಪ್ಪಮ್ಮ ಅಂತ ಯಾಕೆ ಇಡುತ್ತಿದ್ದರು? ಒಂದರ ಮೇಲೊಂದು ಮಗು ಹೋದಾಗ ಮುಂದೆ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಹೊರಳಿಸಿ ಆ ಹೆಸರಿಡುತ್ತಿದ್ದರು. ಇದು ಕಸ, ಇದನ್ನಾದರೂ ಬಿಟ್ಟುಬಿಡು ಅಂತ ಸಾವಿಗೆ ಮಸ್ಕಾ ಹೊಡೆಯುವ ಉಪಾಯ. "ದೀರ್ಘಾಯುಷ್ಯವಂತನಾಗು" ಅನ್ನೋದು ಈಗ ಮದುವೆ ಪತ್ರಿಕೆಯ ಮಾತು. ಆಗ ಅದು ಗಾಬರಿಯ ಮಾತು.

ಹಾಗಾದರೆ ಸಾವು ಇಳಿದಿದ್ದು ಹೇಗೆ? ಡಾಕ್ಟರುಗಳಿಂದಲೇ ಅನ್ನುವವರಿಗೂ ನಾನು ಪೂರ್ತಿ ತಲೆದೂಗುವವನಲ್ಲ. ಹಾಫ್ಕಿನ್ ಎಂಬ ವಿಜ್ಞಾನಿ 1897ರಲ್ಲಿ ಪ್ಲೇಗಿನ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡು ನೋಡಿದ, ದೊಡ್ಡ ಎದೆಗಾರ. ನಮ್ಮ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಬಾಗಿಲು ತೆರೆಯಿತು, ಅದಕ್ಕೂ ನಮಸ್ಕಾರ. ಆದರೆ ಆಗಿನ ಡಾಕ್ಟರ ಪೆಟ್ಟಿಗೆಯಲ್ಲಿ ಪ್ಲೇಗಿಗೆ ಮದ್ದೇ ಇರಲಿಲ್ಲ. ಕೆಲಸಕ್ಕೆ ಬರುವ ಮದ್ದು ಸಿಕ್ಕಿದ್ದು 1940ರ ದಶಕದಲ್ಲಿ. ಅಷ್ಟು ದಿನ ಜನರನ್ನು ಕಾದದ್ದು ಚರಂಡಿ, ಕೊಳಾಯಿ, ಬಿಸಿಲು, ಎರಡು ಮನೆ ನಡುವಿನ ಖಾಲಿ ಜಾಗ. ಚರಂಡಿಯ ಬಗ್ಗೆ ಮಾತಾಡಿದರೆ ನಮ್ಮ ಕಚೇರಿಯಲ್ಲಿ ಎಲ್ಲರೂ ಕಾಫಿಗೆ ಎದ್ದು ಹೋಗುತ್ತಾರೆ. ನೀವು ಹೋಗಬೇಡಿ.

ತಮಾಷೆ ಏನು ಗೊತ್ತಾ, ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನು ಕಟ್ಟಿಸಿದವರಿಗೆ ಪ್ಲೇಗು ಹೇಗೆ ಹರಡುತ್ತೆ ಅಂತಲೇ ಸರಿಯಾಗಿ ಗೊತ್ತಿರಲಿಲ್ಲ. ಕೆಟ್ಟ ಗಾಳಿ, ಕತ್ತಲೆ, ತೇವದ ನೆಲ ಅಂದುಕೊಂಡಿದ್ದರು. ಇಲಿಯ ಮೈಮೇಲಿನ ಚಿಗಟವೇ ಕಾರಣ ಅಂತ ಸಿಮೋಂಡ್ ಎಂಬ ಫ್ರೆಂಚ್ ಡಾಕ್ಟರು ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಅದನ್ನು ಉಳಿದವರು ಒಪ್ಪುವುದಕ್ಕೆ ಇನ್ನಷ್ಟು ವರ್ಷ ಹಿಡಿಯಿತು. ಗಾಳಿ ಬರಲಿ ಅಂತ ರಸ್ತೆ ಅಗಲ ಮಾಡಿದರು, ಮನೆಗಳನ್ನು ದೂರ ದೂರ ಇಟ್ಟರು. ಇಲಿಗೆ ದಾರಿ ತಪ್ಪಿತು. ಲೆಕ್ಕ ತಪ್ಪು, ಉತ್ತರ ಸರಿ! ಆಮೇಲೆ ದಂಡಿನ ಕಡೆ, 1910ರ ಹೊತ್ತಿಗೆ, ಫ್ರೇಜರ್ ಟೌನ್ ಕಟ್ಟುವಾಗ ಇಲಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಲಿ ನುಗ್ಗಲಾರದ ಮನೆ ಕಟ್ಟಿದರು.

ಸರ್ಕಾರದವರು ದಬ್ಬಾಳಿಕೆ ಮಾಡಲಿಲ್ಲವೇ ಅಂತ ನೀವು ಕೇಳಬಹುದು. ಮಾಡಿದರು. ಹೆಂಚು ತೆಗೆಸಿದರು, ಹಾಸಿಗೆ ಸುಟ್ಟರು, ಮನೆಮಂದಿಯನ್ನು ಬೇರೆ ಮಾಡಿ ಕ್ಯಾಂಪಿಗೆ ಹಾಕಿದರು. ಹೆದರಿ ಜನ ಹೆಣ ಬಚ್ಚಿಟ್ಟರು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡನನ್ನು ಗುಂಡಿಟ್ಟು ಕೊಂದದ್ದೂ ಇದೇ ಸಿಟ್ಟಿಗೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ.

ಆದರೆ ಅದೇ ಕ್ಯಾಂಪುಗಳಲ್ಲಿ ಡಾಕ್ಟರ್ ಪಲ್ಪು ಅಂತ ಒಬ್ಬರು ದುಡಿದರು. ತಿರುವಾಂಕೂರಿನ ಈಳವ ಜಾತಿಯವರು. ಮದರಾಸಿನಲ್ಲಿ ಡಾಕ್ಟರಿಕೆ ಓದಿ ಬಂದರೂ ಜಾತಿಯ ಕಾರಣಕ್ಕೆ ಅವರ ಊರಿನ ಸರ್ಕಾರ ಕೆಲಸ ಕೊಡಲಿಲ್ಲ. ಮೈಸೂರು ಸರ್ಕಾರ ಕೊಟ್ಟಿತು. ಬೆಂಗಳೂರಲ್ಲಿ ಹೆಣದ ಹತ್ತಿರ ಹೋಗಲು ಸ್ವಂತ ಮಕ್ಕಳೇ ಹೆದರುತ್ತಿದ್ದ ಹೊತ್ತಿನಲ್ಲಿ ಆ ಮನುಷ್ಯ ಪ್ಲೇಗಿನ ಮಧ್ಯೆ ನಿಂತರು. ನಾರಾಯಣ ಗುರುಗಳ ಜೊತೆ ಅವರು ಮಾಡಿದ ಕೆಲಸಕ್ಕೆ ಕೇರಳದಲ್ಲಿ ಅವರನ್ನು ಪೂಜಿಸುತ್ತಾರೆ. ನಮ್ಮ ಪೇಟೆಯಲ್ಲಿ ನಿಂತು "ಪಲ್ಪು ಯಾರು?" ಅಂತ ಹತ್ತು ಜನರನ್ನು ಕೇಳಿ. ಹಲ್ಲಿನ ಡಾಕ್ಟರಾ ಸಾರ್ ಅಂದಾರು.

ಇನ್ನೊಂದು ಹೊಟ್ಟೆಯುರಿ ಇದೆ, ಬಂದ ದಾರಿಯಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಮಲ್ಲೇಶ್ವರದಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಸಣ್ಣ ಗಲ್ಲಿ ಇದೆಯಲ್ಲ, ಕನ್ಸರ್ವೆನ್ಸಿ ಲೇನು? ಬಡಾವಣೆಯ ನಕ್ಷೆಯಲ್ಲಿ ಅದನ್ನು ಯಾಕೆ ಬಿಟ್ಟಿದ್ದರು? ಮುಂಬಾಗಿಲಿನವರ ಕಣ್ಣಿಗೆ ಬೀಳದ ಹಾಗೆ ಮನುಷ್ಯರು ಬಂದು ಮಲದ ಬುಟ್ಟಿ ಹೊತ್ತುಕೊಂಡು ಹೋಗಲಿ ಅಂತ. ತಾತನ ಆರೋಗ್ಯದ ಗುಟ್ಟು ಬೇಕು ಅಂದಿರಿ. ಅರ್ಧ ಗುಟ್ಟು ದಿನಾ ಬೆಳಿಗ್ಗೆ ಆ ಗಲ್ಲಿಯಲ್ಲಿ ಬರುತ್ತಿತ್ತು. ಅವರ ಕೇರಿಯಲ್ಲಿ ಎಷ್ಟು ಮಕ್ಕಳು ಉಳಿದವು ಅಂತ ಯಾವ ತಾತನೂ ಕತೆ ಹೇಳಿಲ್ಲ. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. ನಮ್ಮ ಸಾಹಿತ್ಯದ ಮಂದಿಗೆ ಬಸವಲಿಂಗಪ್ಪ ಅಂದರೆ 1973ರ ಬೂಸಾ ಗಲಾಟೆ ನೆನಪು. ಕನ್ನಡ ಸಾಹಿತ್ಯವನ್ನು ಬೂಸಾ ಅಂದರು ಅಂತ ಬೀದಿಗಿಳಿದೆವು. ಬುಟ್ಟಿ ಇಳಿಸಿದರು ಅಂತ ಯಾರೂ ಹಾರ ಹಾಕಲು ಬೀದಿಗೆ ಬರಲಿಲ್ಲ. ಇದರಲ್ಲಿ ನಮ್ಮಂಥ ಪತ್ರಿಕೆಗಳವರ ಪಾಲೂ ಇದೆ. ಈಗ ಆ ಗಲ್ಲಿಗಳಲ್ಲಿ ಕಾರು, ಜನರೇಟರು, ಕಸ. ಇಲಿಗಳು ಮತ್ತೆ ದಷ್ಟಪುಷ್ಟವಾಗಿವೆ, ನಾನೇ ನೋಡಿದ್ದೇನೆ.

ಕೆಲವು ವರ್ಷದ ಹಿಂದೆ ಪೇಟೆಯ ಹಳೇ ಮರಣ ದಾಖಲೆ ನೋಡುವ ಆಸೆಯಿಂದ ಒಂದು ಕಚೇರಿಗೆ ಅಲೆದಿದ್ದೆ. ಯಾವುದು ಅಂತ ಕೇಳಬೇಡಿ. ಮೂರನೇ ದಿನ ಒಂದು ಕೆಂಪು ಬಟ್ಟೆಯ ಗಂಟು ಹೊರಬಂತು. ಬಿಚ್ಚಿದರೆ ಗೆದ್ದಲು ತಿಂದು ಉಳಿದ ಕೆಲವು ಹಾಳೆ. ಹೆಸರು, ವಯಸ್ಸು, ಕಾಯಿಲೆ. ಕಾಯಿಲೆ ಅನ್ನುವ ಕಡೆ ಬಹಳಷ್ಟು ಸಾಲಿನಲ್ಲಿ ಒಂದೇ ಪದ: ಜ್ವರ, ಜ್ವರ, ಜ್ವರ. ಬರೆದವನಿಗೆ ಅಷ್ಟೇ ಗೊತ್ತಿದ್ದದ್ದು. ವಯಸ್ಸಿನ ಕಡೆ 2, 1, 6 ತಿಂಗಳು, 24, 3. ನಾನು ಬರೆದುಕೊಳ್ಳುತ್ತಿದ್ದಾಗ ಗುಮಾಸ್ತರು ಚಹಾ ತರಿಸಿಕೊಟ್ಟು, "ಸತ್ತೋರ ಲೆಕ್ಕ ಈಗ್ಯಾಕೆ ಸಾರ್, ಇರೋರ ಲೆಕ್ಕವೇ ಸರಿಯಿಲ್ಲ" ಅಂದರು. ಒಳ್ಳೆಯ ಮನುಷ್ಯ.

ಅಗಲ ರಸ್ತೆ ಎಲ್ಲದಕ್ಕೂ ಮದ್ದಲ್ಲ ಅನ್ನುವುದೂ ಗೊತ್ತು. 1918ರ ಇನ್‌ಫ್ಲುಯೆಂಜಾ ಪೇಟೆ, ಬಡಾವಣೆ ಅಂತ ನೋಡಲಿಲ್ಲ. ದೇಶದಲ್ಲಿ ಕೋಟಿಗೂ ಜಾಸ್ತಿ ಜನರನ್ನು ತೆಗೆದುಕೊಂಡು ಹೋಯಿತು, ಅದರಲ್ಲೂ ಗಟ್ಟಿಮುಟ್ಟಾದ ಪ್ರಾಯದವರನ್ನು. ಆಗ ನಿಮ್ಮ ತಾತನಿಗೆ ಇಪ್ಪತ್ತಾರು. ಅದರಿಂದಲೂ ಪಾರಾಗಿದ್ದಾರೆ. ಮುದ್ದೆಯ ಬಲವೋ ಅದೃಷ್ಟವೋ, ನನ್ನ ಅನುಮಾನ ಎರಡನೆಯದರ ಮೇಲೆ.

ಅಂಕಣದ ವಿಷಯ. ಗುಟ್ಟಿನ ಅಂಕಣ ಬೇಡ. ಅದರ ಬದಲು ಒಂದು ಕೆಲಸ ಮಾಡಿ. ನಿಮ್ಮ ಅಟ್ಟದಲ್ಲಿ ಹಳೇ ಜಾತಕಗಳ ಕಟ್ಟು ಇರಬೇಕು. ಕೆಳಗಿಳಿಸಿ. ತಾತನ ಒಡಹುಟ್ಟಿದವರು ಎಷ್ಟು ಜನ, ಯಾರು ಯಾವ ವಯಸ್ಸಿಗೆ ಹೋದರು, ಯಾವ ಹೆಸರು ಎರಡು ಸಲ ಬಂದಿದೆ ಅಂತ ಬರೆದು ಕಳಿಸಿ. ಎಷ್ಟೇ ಉದ್ದ ಇರಲಿ, ಕತ್ತರಿ ಹಾಕದೆ ಅಚ್ಚು ಮಾಡುತ್ತೇನೆ. ಅಂದಹಾಗೆ, ಕಾಗದದ ಜೊತೆ ಕಳಿಸಿದ ಚಂದಾ ಹಣ ತಲುಪಿದೆ.