ಒಗ್ಗರಣೆ ಸೌಟಿನ ಲೆಕ್ಕ

ಕಳೆದ ತಿಂಗಳ ಟಪಾಲಿನಲ್ಲಿ ಅರ್ಧಕ್ಕೂ ಹೆಚ್ಚು ಪತ್ರಗಳು ಎಣ್ಣೆಯ ಬಗ್ಗೆಯೇ ಇದ್ದವು. ಆದ್ದರಿಂದ ಸಿರಿಧಾನ್ಯ, ಸಕ್ಕರೆ, ಮಕ್ಕಳ ಡಬ್ಬಿ ಎಲ್ಲಕ್ಕೂ ಈ ಸಲ ರಜೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಐದು ಜನ. ಅತ್ತೆಯವರಿಗೆ ಗಾಣದ ಶೇಂಗಾ ಎಣ್ಣೆಯೇ ಆಗಬೇಕು. ಕಾಲೇಜಿಗೆ ಹೋಗುವ ಮಗ ಆಲಿವ್ ಎಣ್ಣೆ ತರಿಸು ಎನ್ನುತ್ತಾನೆ. ಯಜಮಾನರಿಗೆ ಕೊಲೆಸ್ಟ್ರಾಲ್ ಹೆಚ್ಚಿದೆ ಎಂದು ವೈದ್ಯರು ಹೇಳಿದ ಮೇಲೆ ನಾನು ಸೂರ್ಯಕಾಂತಿ ಎಣ್ಣೆಗೆ ಬದಲಾಯಿಸಿದೆ. ಐದು ಲೀಟರಿನ ಕ್ಯಾನ್ 22 ದಿನಕ್ಕೆ ಮುಗಿಯುತ್ತದೆ, ತಿಂಗಳಿಗೆ ಒಂದು ಕಿಲೋ ತುಪ್ಪ ಬೇರೆ. ಯಾವ ಎಣ್ಣೆ ಒಳ್ಳೆಯದು? ದಯವಿಟ್ಟು ಒಂದೇ ಹೆಸರು ಹೇಳಿ.
— ಗೃಹಿಣಿ, ದಾವಣಗೆರೆ

ಉತ್ತರ: ಹೆಸರು ಆಮೇಲೆ ಹೇಳುತ್ತೇನೆ, ತಂಗಿ. ನಿಮ್ಮ ಪತ್ರ ಓದುವಾಗ ನನ್ನ ಪೆನ್ಸಿಲು ನಿಂತದ್ದು "22 ದಿನ" ಎಂಬಲ್ಲಿ. ನೀವು ಅದನ್ನು ಕೇಳಲೇ ಇಲ್ಲ, ಸುಮ್ಮನೆ ಹೇಳಿಕೊಂಡು ಹೋಗಿದ್ದೀರಿ.

ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಐದು ಲೀಟರಿಗೆ ನಾಲ್ಕೂವರೆ ಕಿಲೋ ದಾಟಿತು. ಅದನ್ನು 22 ದಿನಕ್ಕೂ ಐದು ತಲೆಗೂ ಹಂಚಿದರೆ ಒಬ್ಬರಿಗೆ ದಿನಕ್ಕೆ 41 ಗ್ರಾಂ, ತುಪ್ಪ ಸೇರಿಸಿದರೆ 48. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಎಣ್ಣೆ, ತುಪ್ಪ ಎಲ್ಲ ಸೇರಿ ಇಟ್ಟಿರುವ ಪಾಲು 27 ಗ್ರಾಂ. ಆರು ಟೀ ಚಮಚ ಎಂದುಕೊಳ್ಳಿ. ಆ ಲೆಕ್ಕದಲ್ಲಿ ಈಗಿನಷ್ಟೇ ತುಪ್ಪ ತಿಂದರೂ ನಿಮ್ಮ ಕ್ಯಾನ್ 44 ದಿನ ಬರಬೇಕು. ನಿಮ್ಮ ಊರಿನ ಬೆಣ್ಣೆ ದೋಸೆಯನ್ನೂ ಸಂಜೆಯ ಮಿರ್ಚಿ ಮಂಡಕ್ಕಿಯನ್ನೂ ನಾನಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಎಣ್ಣೆ ಯಾವುದೇ ಇರಲಿ, ಗ್ರಾಮಿಗೆ ಒಂಬತ್ತು ಕ್ಯಾಲೊರಿ. ಸೂರ್ಯಕಾಂತಿಗೆ ಅದರಲ್ಲಿ ರಿಯಾಯಿತಿ ಇಲ್ಲ.

ನಾನೂ ಇದನ್ನು ತಡವಾಗಿ ಕಲಿತವಳೇ. ಮೂವತ್ತು ವರ್ಷ ಗೃಹವಿಜ್ಞಾನ ಪಾಠ ಹೇಳಿದ್ದೇನೆ, ಮನೆಯಲ್ಲಿ ಮಾತ್ರ ಕ್ಯಾನಿನಿಂದ ನೇರವಾಗಿ ಬಾಣಲೆಗೆ "ಒಂದು ಸುತ್ತು" ಎಣ್ಣೆ ಬಿಡುತ್ತಿದ್ದೆ. ಒಂದು ದಿನ ಆ ಸುತ್ತನ್ನು ಬಾಣಲೆಗೆ ಬಿಡದೆ ಸ್ಟೀಲ್ ಲೋಟಕ್ಕೆ ಬಿಟ್ಟು ಚಮಚದಿಂದ ಅಳೆದೆ. ಐದು ಟೀ ಚಮಚ ಆಯಿತು. ಬರಿಯ ಹುರುಳಿಕಾಯಿ ಪಲ್ಯದ ಒಗ್ಗರಣೆಗೆ! ಸಾಸಿವೆ ಸಿಡಿಯುವುದಕ್ಕೆ ಒಂದೂವರೆ ಚಮಚ ಸಾಕು. ಸಾಸಿವೆ ಮುಳುಗಬೇಕು, ಈಜಬೇಕಾಗಿಲ್ಲ. ಅಂದಿನಿಂದ ಒಲೆಯ ಪಕ್ಕ ಒಂದು ಪುಟ್ಟ ಗಿಂಡಿಯನ್ನೂ ಅದರಲ್ಲೇ ಇರುವ ಒಂದು ಚಮಚವನ್ನೂ ಇಟ್ಟಿದ್ದೇನೆ. ಕ್ಯಾನ್ ಅಟ್ಟದ ಮೇಲೆ ಕುಳಿತಿದೆ. ಬೆಳಿಗ್ಗೆ ಇಷ್ಟು ಎಂದು ಗಿಂಡಿಗೆ ಸುರಿದರೆ ರಾತ್ರಿಯವರೆಗೆ ಅಷ್ಟೇ. ಎಣ್ಣೆಗಾಯಿ ಮಾಡುವ ದಿನ ನಿಯಮ ಮುರಿಯುತ್ತದೆ, ಮರುದಿನ ಸಾರು ಅನ್ನ ಉಂಡು ಸರಿದೂಗಿಸುತ್ತೇವೆ. ನೀವೂ ಹೊಸ ಕ್ಯಾನ್ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. 44ಕ್ಕೆ ಒಮ್ಮೆಲೇ ಹಾರಲು ಹೋಗಬೇಡಿ, ಮನೆಯವರು ದಂಗೆ ಏಳುತ್ತಾರೆ. ಮೊದಲು 30 ದಿನಕ್ಕೆ ತನ್ನಿ.

ಈಗ ಹೆಸರು: ಶೇಂಗಾ ಎಣ್ಣೆ. ಅತ್ತೆಯವರು ಗೆದ್ದರು. ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಒಲೆಯಿಕ್ ಆಮ್ಲ ಎಂಬ, ಹೃದಯಕ್ಕೆ ಹಿತವಾದ ಕೊಬ್ಬಿನಂಶ ಇದೆ, ಮಗ ಹೊಗಳುವ ಆಲಿವ್ ಎಣ್ಣೆಯ ಹೆಗ್ಗಳಿಕೆಯೂ ಅದೇ. ಸೂರ್ಯಕಾಂತಿ ಕೆಟ್ಟದ್ದಲ್ಲ, ಆದರೆ ಅದರ ಬಹುಪಾಲು ಲಿನೋಲಿಯಿಕ್ ಆಮ್ಲ ಎಂಬ ಇನ್ನೊಂದು ಕೊಬ್ಬಿನಂಶ. ಹೆಚ್ಚು ಹೊತ್ತು ಕಾಯಿಸಿದರೆ ಬೇಗ ಕೆಡುತ್ತದೆ. ನನ್ನ ತವರಿನಲ್ಲಿ ಬಳಸುತ್ತಿದ್ದ ಕುಸುಬೆ ಎಣ್ಣೆಯದ್ದೂ ಅದೇ ಗುಣ. ಒಂದು ಕ್ಯಾನ್ ಶೇಂಗಾ, ಮುಂದಿನದು ಸೂರ್ಯಕಾಂತಿ ಅಥವಾ ಅಕ್ಕಿ ತೌಡಿನ ಎಣ್ಣೆ ಎಂದು ಸರದಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಇವು ಮೂರರಲ್ಲೂ ದೇಹಕ್ಕೆ ಬೇಕಾದ ಒಮೆಗಾ-3 ಎಂಬ ಕೊಬ್ಬಿನಂಶ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಬಾಟಲಿ ಕೊಳ್ಳಬೇಡಿ, ಅಗಸೆ ಚಟ್ನಿಪುಡಿ ಕುಟ್ಟಿಡಿ. ಅಗಸೆಯ ಎಣ್ಣೆಯಂಶದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಇದೆ. ರೊಟ್ಟಿಯ ಜೊತೆ ದಿನಕ್ಕೊಂದು ಚಮಚ. ಯಜಮಾನರಿಗೆ ವೈದ್ಯರು ಕೊಟ್ಟಿರುವ ಮಾತ್ರೆಯನ್ನು ಮಾತ್ರ ಎಣ್ಣೆ ಬದಲಾಯಿಸಿದೆವೆಂದು ನಿಲ್ಲಿಸಬೇಡಿ.

ಪ್ರಶ್ನೆ: "ಕೊಲೆಸ್ಟ್ರಾಲ್ ಮುಕ್ತ" ಎಂದು ಬರೆದಿರುವ ಎಣ್ಣೆಗೆ ಹೆಚ್ಚು ದುಡ್ಡು ಕೊಡಬಹುದೇ?
— ಓದುಗ, ತುಮಕೂರು

ಉತ್ತರ: ಬೇಡ. ಕೊಲೆಸ್ಟ್ರಾಲ್ ಇರುವುದು ಪ್ರಾಣಿಜನ್ಯ ಆಹಾರದಲ್ಲಿ. ಕಾಳಿನ ಎಣ್ಣೆಯಲ್ಲಿ ಅದು ಇಲ್ಲ ಎಂದು ಬರೆಯುವುದು, ಬಾಳೆಹಣ್ಣಿನಲ್ಲಿ ಮುಳ್ಳಿಲ್ಲ ಎಂದು ಬರೆದಂತೆ.

ಪ್ರಶ್ನೆ: ನಮ್ಮಜ್ಜಿ ತೆಂಗಿನೆಣ್ಣೆಯಲ್ಲೇ ಉಂಡು 91 ವರ್ಷ ಬದುಕಿದರು. ಈಗ ಕೆಲವರು ಅದನ್ನು ವಿಷ ಎನ್ನುತ್ತಾರೆ, ಕೆಲವರು ಅಮೃತ ಎನ್ನುತ್ತಾರೆ. ನಿಜ ಯಾವುದು?
— ಓದುಗರು, ಕುಂದಾಪುರ

ಉತ್ತರ: ತೆಂಗಿನೆಣ್ಣೆಯ ಸುಮಾರು ಶೇ 90 ಭಾಗ ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಂಪಿಗೆ ಗಟ್ಟಿಯಾಗುವ ಬಗೆಯದ್ದು. ತುಪ್ಪದಲ್ಲಿಯೂ ಅಷ್ಟಿಲ್ಲ. ಅದರಲ್ಲಿ ಅರ್ಧದಷ್ಟಿರುವ ಲಾರಿಕ್ ಆಮ್ಲ ಒಳ್ಳೆಯ ಕೊಲೆಸ್ಟ್ರಾಲನ್ನು ಏರಿಸುತ್ತದೆ ಎಂಬುದು ನಿಜ, ಕೆಟ್ಟದ್ದಾದ ಎಲ್‌ಡಿಎಲ್ ಅನ್ನೂ ಏರಿಸುತ್ತದೆ ಎಂಬುದೂ ಅಷ್ಟೇ ನಿಜ. ಅಮೃತ ಎನ್ನುವವರು ಎರಡನೆಯದನ್ನು ನುಂಗಿಬಿಡುತ್ತಾರೆ. "ವರ್ಜಿನ್" ಎಂಬ ಚೀಟಿ ಅಂಟಿಸಿದರೆ ಕೊಬ್ಬಿನ ಜಾತಿ ಬದಲಾಗುವುದಿಲ್ಲ.

ಅಜ್ಜಿಯ ವಿಷಯಕ್ಕೆ ಬರೋಣ. ಅವರು ಸಾರಿಗೆ ಮೇಲಿನಿಂದ ಬಿಡುತ್ತಿದ್ದದ್ದು ಒಂದು ಚಮಚ ಎಣ್ಣೆ. ತಟ್ಟೆಯಲ್ಲಿ ಕುಚ್ಚಲಕ್ಕಿ ಗಂಜಿ, ಮೀನು, ಬಸಳೆ. ಬಾವಿಯಿಂದ ನೀರು ಸೇದಿದ್ದು, ತೋಟಕ್ಕೆ ನಡೆದದ್ದು ಯಾವ ಬಾಟಲಿಯಲ್ಲೂ ಸಿಗುವುದಿಲ್ಲ. ನಿಮ್ಮ ಎಲ್‌ಡಿಎಲ್ ಸರಿಯಿದ್ದರೆ ಒಗ್ಗರಣೆಗೆ ತೆಂಗಿನೆಣ್ಣೆ ಧಾರಾಳವಾಗಿ ಇರಲಿ (ಧಾರಾಳ ಎಂದದ್ದು ಮನಸ್ಸಿಗೆ, ಚಮಚಕ್ಕಲ್ಲ). ಹೆಚ್ಚಿದ್ದರೆ ವಾರಕ್ಕೆರಡು ದಿನದ ಅಡುಗೆಗೆ ಸೀಮಿತವಾಗಿಡಿ. ಹಸಿ ಕಾಯಿತುರಿಯಲ್ಲೂ ಮೂರನೇ ಒಂದು ಭಾಗ ಕೊಬ್ಬೇ ಎಂಬುದನ್ನು ಗಸಿ ರುಬ್ಬುವಾಗ ನೆನಪಿಡಿ. ಗಸಿಯನ್ನು ಬಿಡಿ ಎಂದು ಕುಂದಾಪುರದವರಿಗೆ ಹೇಳುವ ಧೈರ್ಯ ನನಗಿಲ್ಲ.

ಪ್ರಶ್ನೆ: ಗಾಣದಿಂದ ತಂದ ಶೇಂಗಾ ಎಣ್ಣೆಯನ್ನು ಕಾಯಿಸಿದಾಗ ನೊರೆ ಬರುತ್ತದೆ, ಬೇಗ ಹೊಗೆಯೂ ಏಳುತ್ತದೆ. ಕಲಬೆರಕೆಯೇ?
— ಓದುಗ, ಚಳ್ಳಕೆರೆ

ಉತ್ತರ: ಎಣ್ಣೆ ಗಿರಣಿಗಳಿಗೆ ಹೆಸರಾದ ಊರಿನಿಂದಲೇ ಈ ಪ್ರಶ್ನೆ! ಗಾಣದ ಎಣ್ಣೆಯಲ್ಲಿ ಕಾಳಿನ ಲೋಳೆಯಂಶವೂ ಸ್ವಲ್ಪ ತೇವವೂ ಉಳಿದಿರುತ್ತವೆ, ನೊರೆ ಅವುಗಳದ್ದು. ರಿಫೈಂಡ್ ಮಾಡುವಾಗ ಲೋಳೆ, ಬಣ್ಣ, ವಾಸನೆ ಎಲ್ಲವನ್ನೂ ತೆಗೆಯುತ್ತಾರೆ, ಹಾಗಾಗಿ ಅದು ಹೆಚ್ಚು ಕಾವು ತಡೆಯುತ್ತದೆ. ಗಾಣದ್ದನ್ನು ಒಗ್ಗರಣೆಗೆ, ಪಲ್ಯಕ್ಕೆ, ಚಟ್ನಿಪುಡಿ ಕಲಸಿಕೊಳ್ಳುವುದಕ್ಕೆ ಇಟ್ಟುಕೊಳ್ಳಿ, ಕರಿಯಲು ಬೇಡ.

ನೊರೆಗಿಂತ ಮುಖ್ಯವಾದದ್ದು ಗಾಣಕ್ಕೆ ಹಾಕಿದ ಕಾಳು. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಯಕೃತ್ತಿಗೆ ಕೆಡುಕು. ರಿಫೈನಿಂಗ್‌ನಲ್ಲಿ ಅದು ಬಹುಮಟ್ಟಿಗೆ ಹೋಗುತ್ತದೆ, ಗಾಣದ ಎಣ್ಣೆಯಲ್ಲಿ ಉಳಿಯುತ್ತದೆ. ಸಾಧ್ಯವಾದರೆ ಕಾಳನ್ನು ನೀವೇ ಕೊಂಡು, ಸುಕ್ಕಿದ್ದನ್ನೂ ಕಪ್ಪಾದದ್ದನ್ನೂ ಆರಿಸಿ ತೆಗೆದು, ಎದುರಿಗೇ ಆಡಿಸಿಕೊಳ್ಳಿ. ಒಂದು ಲೀಟರಿಗೆ ಎರಡೂವರೆ ಕಿಲೋ ಕಾಳು ಬೇಕಾದೀತು. ಎರಡೂವರೆ ಕಿಲೋ ಕಾಳಿನ ಬೆಲೆಯಿಂದ ಹಿಂಡಿಯ ಬೆಲೆ ಕಳೆಯಿರಿ. ಅದಕ್ಕಿಂತಲೂ ಅಗ್ಗಕ್ಕೆ ಯಾರಾದರೂ "ಶುದ್ಧ ಗಾಣದ ಎಣ್ಣೆ" ಕೊಟ್ಟರೆ, ಅವರು ದಾನಿಗಳೋ ಇನ್ನೊಂದೋ ಎಂದು ಯೋಚಿಸಿ.

ಪ್ರಶ್ನೆ: ಡಾಲ್ಡಾ ಈಗ ಸುರಕ್ಷಿತವೇ?
— ಓದುಗ, ಹಾಸನ

ಉತ್ತರ: ಮೊದಲಿಗಿಂತ ವಾಸಿ. ಎಣ್ಣೆಯಲ್ಲೂ ಡಾಲ್ಡಾದಂಥ ವನಸ್ಪತಿಯಲ್ಲೂ ಟ್ರಾನ್ಸ್ ಕೊಬ್ಬು (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ, ಹೃದಯಕ್ಕೆ ಕೆಟ್ಟ ಕೊಬ್ಬು) ಶೇ 2 ಮೀರಬಾರದೆಂಬ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೂ ಗಟ್ಟಿಯಾಗಿ ನಿಲ್ಲಬೇಕಾದರೆ ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಇರಲೇಬೇಕು. ಹಬ್ಬದ ಸಿಹಿಗೆ ಗಟ್ಟಿ ಕೊಬ್ಬು ಬೇಕೆಂದರೆ ತುಪ್ಪವನ್ನೇ ಹಾಕಿ. ಅದರ ಬೆಲೆಯೇ ನಿಮ್ಮ ಕೈ ಹಿಡಿಯುತ್ತದೆ.

ಪ್ರಶ್ನೆ: ಚಕ್ಕುಲಿ ಕರಿದು ಉಳಿದ ಎಣ್ಣೆಯನ್ನು ಏನು ಮಾಡಬೇಕು? ಚೆಲ್ಲಲು ಮನಸ್ಸಿಲ್ಲ. ದೇವರ ದೀಪಕ್ಕೆ ಹಾಕೋಣವೆಂದರೆ ಅತ್ತೆಯವರು ಮೈಲಿಗೆ ಎನ್ನುತ್ತಾರೆ.
— ಗೃಹಿಣಿ, ಶಿರಸಿ

ಉತ್ತರ: ಉಳಿಯದಂತೆ ಮಾಡುವುದೇ ಮೊದಲ ಉಪಾಯ. ಅಗಲ ಬಾಣಲೆಯನ್ನು ಬಿಟ್ಟು ಚಿಕ್ಕ, ಆಳದ ಬಾಣಲೆಯಲ್ಲಿ ಕಾಲು ಲೀಟರ್ ಎಣ್ಣೆ ಇಟ್ಟು ಎರಡೆರಡೇ ಚಕ್ಕುಲಿ ಬಿಡಿ. ಹೊತ್ತು ಹಿಡಿಯುತ್ತದೆ, ಎಣ್ಣೆ ಮಾತ್ರ ಕಡಿಮೆ ಸಾಕು. ಹಿಟ್ಟಿನ ಚೂರು ಹಾಕಿದರೆ ತಳಕ್ಕಿಳಿದು ಕೂಡಲೇ ಮೇಲೇಳಬೇಕು, ಆ ಕಾವು ಸಾಕು; ಹೊಗೆಯಾಡಿತೆಂದರೆ ಉರಿ ಹೆಚ್ಚಾಯಿತು. ಉಳಿದದ್ದನ್ನು ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಕರಿಕಲು ಚೂರು ಒಂದೂ ಇಲ್ಲದಂತೆ ಮಾಡಿ, ಎರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಹೊಸ ಎಣ್ಣೆಗೆ ಬೆರೆಸಬೇಡಿ, ಹಳೆಯದು ಹೊಸದನ್ನೂ ಕೆಡಿಸುತ್ತದೆ. ಮತ್ತೆ ಮತ್ತೆ ಕಾದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು, ಅಂದರೆ ಎಣ್ಣೆ ಕೆಟ್ಟಾಗ ಹುಟ್ಟುವ ಅಂಶಗಳು, ಹೆಚ್ಚುತ್ತವೆ. ಅವು ಶೇ 25 ದಾಟಿದ ಎಣ್ಣೆಯನ್ನು ಬಳಸಬಾರದೆಂದು 2018ರ ಜುಲೈನಿಂದ ನಿಯಮವಿದೆ. ಹೋಟೆಲಿನವರ ಬಳಿ ಅಳೆಯುವ ಸಾಧನ ಇದ್ದೀತು, ನಮಗೆ ಕಣ್ಣು ಮೂಗುಗಳೇ ಸಾಧನ. ಕಪ್ಪಾಗಿ, ಜೇನಿನಂತೆ ಮಂದವಾಗಿ, ಅಂಚಿನಲ್ಲಿ ಸಣ್ಣ ನೊರೆ ಕಟ್ಟಿ ನಿಂತರೆ ಅದರ ಆಯುಷ್ಯ ಮುಗಿಯಿತು. ಹಳೆಯ ಪತ್ರಿಕೆಗೆ ಹೀರಿಸಿ ಕಸಕ್ಕೆ ಹಾಕಿ, ಬಚ್ಚಲಿಗೆ ಸುರಿಯಬೇಡಿ. ಗೇಟಿನ ತಿರುಗಣಿಗೂ ಬೇಡ. ನಾನು ಹಾಕಿ ನೋಡಿದ್ದೇನೆ, ತಿಂಗಳೊಪ್ಪತ್ತಿನಲ್ಲಿ ಅಂಟುಗಟ್ಟಿ, ಧೂಳು ಮೆತ್ತಿ, ಗೇಟು ಮೊದಲಿಗಿಂತ ಜೋರಾಗಿ ಕಿರುಗುಟ್ಟಿತು.

ದೀಪದ ವಿಷಯದಲ್ಲಿ ಮಡಿ ಮೈಲಿಗೆಯ ತೀರ್ಪು ನನ್ನದಲ್ಲ. ಒಮ್ಮೆ ಹಿತ್ತಲಿನ ಹಣತೆಗೆ ಹಾಕಿ ಹಚ್ಚಿದ್ದೆ: ಬತ್ತಿ ಕರಿಕಟ್ಟಿ, ಗೋಡೆಗೆ ಮಸಿ ಹಿಡಿದು, ಹಿತ್ತಲೆಲ್ಲ ಚಕ್ಕುಲಿ ವಾಸನೆ.