ವಿಮಾನ ಹಾರುತ್ತಿರುವಾಗ ಹುಷಾರು ತಪ್ಪಿದರೆ ಏನು ಮಾಡುತ್ತಾರೆ?

68 ವರ್ಷದ ನಿಮ್ಮ ತಾಯಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೇಲೆ ಷಿಕಾಗೋಗೆ ಒಬ್ಬರೇ ಹೊರಟಿದ್ದಾರೆ, ಬಿಪಿ, ಶುಗರ್ ಎರಡೂ ಇದೆ, ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ನಡುದಾರಿಯಲ್ಲಿ ಏನಾದರೂ ಆದರೆ ನೋಡಿಕೊಳ್ಳುವವರು ಯಾರು ಅಂತ ಕೇಳಿದ್ದೀರಿ. ನಾನು ಅಂತರರಾಷ್ಟ್ರೀಯ ವಿಮಾನಗಳಲ್ಲಿ ಕ್ಯಾಬಿನ್ ಸಿಬ್ಬಂದಿಯಾಗಿ ವರ್ಷಗಟ್ಟಲೆ ಕೆಲಸ ಮಾಡಿದವಳು. ನೋಡಿಕೊಳ್ಳುವವರು ಖಂಡಿತ ಇದ್ದಾರೆ. ನನ್ನ ಚಿಂತೆ ಬೇರೆ. ನಮ್ಮ ಅಮ್ಮಂದಿರು ಬಾಯಿಬಿಟ್ಟು ಹೇಳುವುದಿಲ್ಲ.

ಮೊದಲು ಸ್ವಲ್ಪ ಧೈರ್ಯದ ಮಾತು. 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಐದು ವಿಮಾನ ಸಂಸ್ಥೆಗಳಲ್ಲಿ ಹಾರಾಟದ ನಡುವೆ ಹುಷಾರು ತಪ್ಪಿದ 11,920 ಪ್ರಕರಣಗಳನ್ನು ನೋಡಿತ್ತು. ಸರಾಸರಿ 604 ಹಾರಾಟಕ್ಕೆ ಒಂದು ಪ್ರಕರಣ. ಅದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಬರೀ ತಲೆಸುತ್ತು, ಎಚ್ಚರ ತಪ್ಪುವುದು. ಹೃದಯವೇ ನಿಂತದ್ದು ನೂರಕ್ಕೆ ಒಂದೂ ಇಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ಸಲ ಪ್ರಯಾಣಿಕರಲ್ಲೇ ಒಬ್ಬ ಡಾಕ್ಟರ್ ಸಿಕ್ಕಿದ್ದರು.

ತಲೆಸುತ್ತು ಯಾಕೆಂದರೆ, ಒಳಗಿನ ಗಾಳಿಯ ಒತ್ತಡ ನೆಲದ ಮೇಲಿದ್ದಂತೆ ಇರುವುದಿಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದಲ್ಲಿ ಇರುವಷ್ಟು ಇರುತ್ತದೆ, ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲೋ ಅದಕ್ಕೂ ಮೇಲೋ ಗಂಟೆಗಟ್ಟಲೆ ಕೂತ ಹಾಗೆ. ರಕ್ತದಲ್ಲಿ ಆಮ್ಲಜನಕ ಸ್ವಲ್ಪ ಇಳಿಯುತ್ತದೆ. ಗಾಳಿ ಬಹಳ ಒಣ. ಅದರ ಮೇಲೆ ನಿದ್ದೆಯಿಲ್ಲ, ಪದೇಪದೇ ಟಾಯ್ಲೆಟ್‌ಗೆ ಏಳಬೇಕಾಗುತ್ತದೆ ಅಂತ ನೀರೂ ಕುಡಿದಿರುವುದಿಲ್ಲ.

ಯಾರಿಗಾದರೂ ಹೀಗಾಯಿತು ಅಂದಾಗ ಒಬ್ಬರು ಅವರ ಹತ್ತಿರವೇ ನಿಲ್ಲುತ್ತೇವೆ, ಇನ್ನೊಬ್ಬರು ಆಕ್ಸಿಜನ್ ಬಾಟಲಿ, ಔಷಧದ ಕಿಟ್, ಎಇಡಿ ತರುತ್ತಾರೆ, ಮತ್ತೊಬ್ಬರು ಕ್ಯಾಪ್ಟನ್‌ಗೆ ತಿಳಿಸುತ್ತಾರೆ. ಎಇಡಿ ಅಂದರೆ ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ. ಅಮೆರಿಕದ ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಇದು 2004ರಿಂದ ಕಡ್ಡಾಯ. ಮೇಲಿಂದ ಕೆಳಗೆ ಬೀಳುವ ಆಕ್ಸಿಜನ್ ಮಾಸ್ಕ್ ಹೀಗೆ ಹುಷಾರು ತಪ್ಪಿದವರಿಗೆ ಉಪಯೋಗಿಸುವುದಲ್ಲ. ಅದು ಕ್ಯಾಬಿನ್ ಒತ್ತಡ ಹೋದರೆ ಮಾತ್ರ. ಹೃದಯ ನಿಂತು ಎದೆ ಒತ್ತಬೇಕಾಗಿ ಬಂದರೆ ಸೀಟಿನಲ್ಲಿ ಆಗದು, ನಾವು ಊಟ ಸಿದ್ಧಮಾಡುವ ಜಾಗವಾದ ಗ್ಯಾಲಿಯ ನೆಲಕ್ಕೆ ಮಲಗಿಸಿ ಎರಡೆರಡು ನಿಮಿಷಕ್ಕೆ ಕೈ ಬದಲಾಯಿಸುತ್ತೇವೆ. ಜೊತೆಗೆ ನೆಲದ ಮೇಲಿರುವ ತುರ್ತು ವೈದ್ಯರೊಂದಿಗೆ ಉಪಗ್ರಹ ಫೋನಿನಲ್ಲಿ ಮಾತು ನಡೆದಿರುತ್ತದೆ. ಅನೇಕ ಸಂಸ್ಥೆಗಳು ಇದಕ್ಕೆಂದೇ ದಿನದ 24 ಗಂಟೆಯೂ ವೈದ್ಯರ ವ್ಯವಸ್ಥೆ ಇಟ್ಟುಕೊಂಡಿವೆ.

ಇಷ್ಟೆಲ್ಲ ಇದ್ದೂ, ನಮಗೆ ಗೊತ್ತಾದರೆ ತಾನೇ? ಹಾಸನದ ಕಡೆಯ ಒಬ್ಬ ಅಜ್ಜಿ. ಊಟದ ಟ್ರೇ ತೆರೆದೇ ಇರಲಿಲ್ಲ. ಎಸಿ ಕೊರೆಯುತ್ತಿದ್ದರೂ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಲೇ ಇದ್ದರು. ಪಕ್ಕದವರು ಇಂಗ್ಲಿಷಿನಲ್ಲಿ ಕೇಳಿದರೆ ನಕ್ಕು ತಲೆಯಾಡಿಸಿದರು. ನಾನು ಕೂತು, “ಏನಾಗ್ತಿದೆ ಅಜ್ಜಿ, ಕೈ ನಡುಗ್ತಿದ್ಯಾ?” ಅಂದೆ. “ಹಂಗೇ ಅನ್ನಿಸ್ತೈತೆ ಕಣವ್ವ, ನಿಮಗ್ಯಾಕೆ ತೊಂದ್ರೆ ಅಂತ ಸುಮ್ಕಿದ್ದೆ.” ಶುಗರ್ ಮಾತ್ರೆ ನುಂಗಿದ್ದರು, ಊಟದಲ್ಲಿ ಮೊಟ್ಟೆ ಇರಬಹುದು ಅಂತ ತುತ್ತೂ ಮುಟ್ಟಿರಲಿಲ್ಲ. ಶುಗರ್ ತೀರಾ ಇಳಿದಿರಬೇಕು ಅಂತ ಕಿತ್ತಳೆ ಜ್ಯೂಸಿಗೆ ಸಕ್ಕರೆ ಕಲಸಿ ಕುಡಿಸಿದೆವು. ಸ್ವಲ್ಪ ಹೊತ್ತಿಗೆ ಬೆವರು ನಿಂತು ಮುಖಕ್ಕೆ ಕಳೆ ಬಂತು. ಅವರು ಹಾಗೇ ಕೂತು ಎಚ್ಚರ ತಪ್ಪಿದ್ದರೆ ಬಾಯಿಗೆ ಹನಿ ಜ್ಯೂಸನ್ನೂ ಹಾಕುವ ಹಾಗಿರಲಿಲ್ಲ.

ಇನ್ನೊಂದು, ಸಂಕಟವಾದ ಕೂಡಲೇ ಎದ್ದು ಟಾಯ್ಲೆಟ್‌ಗೆ ಹೋಗುವುದು. ದಯವಿಟ್ಟು ಬೇಡ ಅನ್ನಿ. ಚಿಲಕ ಹಾಕಿದ ಬಾಗಿಲನ್ನು ಹೊರಗಿನಿಂದ ತೆಗೆಯಲು ನಮಗೆ ಬರುತ್ತದೆ, ಆದರೆ ಒಳಗೆ ಬಿದ್ದವರನ್ನು ಅಷ್ಟು ಇಕ್ಕಟ್ಟಿನಿಂದ ಹೊರತರುವುದು ಬಹಳ ಕಷ್ಟ.

ವಿಮಾನವನ್ನು ದಾರಿಯಲ್ಲೇ ಇಳಿಸುತ್ತಾರಾ ಅಂತಲೂ ಕೇಳಿದ್ದೀರಿ. ಅದು ಕ್ಯಾಪ್ಟನ್ ನಿರ್ಧಾರ, ವೈದ್ಯರದ್ದು ಸಲಹೆ ಮಾತ್ರ. 2023ರ ಆಗಸ್ಟ್‌ನಲ್ಲಿ ವಿಸ್ತಾರಾ ಸಂಸ್ಥೆಯ ಬೆಂಗಳೂರು–ದೆಹಲಿ ವಿಮಾನದಲ್ಲಿ ಹೃದ್ರೋಗದ ಪುಟ್ಟ ಮಗುವಿನ ನಾಡಿ ನಿಂತಾಗ, ಅದರಲ್ಲೇ ಇದ್ದ ಏಮ್ಸ್ ವೈದ್ಯರು ಬಹಳ ಹೊತ್ತು ಹೋರಾಡಿ ನಾಡಿ ಮರಳಿಸಿದರು, ವಿಮಾನ ನಾಗಪುರದಲ್ಲಿ ಇಳಿಯಿತು. ಕೆಲ ದಿನಗಳ ನಂತರ ಮಗು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದು ಈಗಲೂ ನನಗೆ ಸಂಕಟ. ನಮ್ಮ ದೇಶದ ಮೇಲೆ ಹಾರುವಾಗ ಹೀಗೆ ಯಾವುದಾದರೂ ಊರು ಹತ್ತಿರ ಸಿಗುತ್ತದೆ. ಅಟ್ಲಾಂಟಿಕ್ ಮೇಲೆ ಐರ್ಲೆಂಡಿನ ಶ್ಯಾನನ್, ಐಸ್‌ಲ್ಯಾಂಡಿನ ಕೆಫ್ಲಾವಿಕ್, ಕೆನಡಾದ ಗೂಸ್ ಬೇ, ಇಂಥವೇ ಆಸರೆ. ರನ್‌ವೇ, ಹವಾಮಾನ, ಆಸ್ಪತ್ರೆ ಎಲ್ಲ ನೋಡಬೇಕು. ಇಂಧನ ತುಂಬಿದ ವಿಮಾನದ ತೂಕ ಇಳಿಯುವ ಮಿತಿಗಿಂತ ಹೆಚ್ಚಿರಬಹುದು. ಇಳಿಯಲು ನಿರ್ಧರಿಸಿದ ಮೇಲೂ ಅಷ್ಟು ಎತ್ತರದಿಂದ ನೆಲ ಮುಟ್ಟಲು ಅರ್ಧ ಗಂಟೆಯ ಹತ್ತಿರ ಬೇಕು. ಅದಕ್ಕೇ ಬೇಗ ಹೇಳಲಿ ಅನ್ನುವುದು.

ನೀವು ಈಗಲೇ ಮಾಡಬಹುದಾದದ್ದು: ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಕಾಯಿಲೆ, ಮಾತ್ರೆಗಳ ಹೆಸರು, ಅಲರ್ಜಿ, ನಿಮ್ಮ ಫೋನ್ ನಂಬರ್, ಕನ್ನಡ ಮಾತ್ರ ಬರುತ್ತದೆ ಅನ್ನುವುದನ್ನು ಬರೆದು ಕೊಡಿ. ಹತ್ತುವಾಗಲೇ ಬಾಗಿಲಲ್ಲಿ ನಿಂತವರಿಗೆ ತೋರಿಸಲಿ. ಮಾತ್ರೆಗಳು ಸ್ಟ್ರಿಪ್ ಸಮೇತ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಇದ್ದರಂತೂ ಕೆಳಗೆ ಹೋಗುವ ಸೂಟ್‌ಕೇಸಿಗೆ ಹಾಕಲೇಬೇಡಿ, ಹೆಪ್ಪುಗಟ್ಟಿ ಕೆಡಬಹುದು. ಸಸ್ಯಾಹಾರಿಗಳಾದರೆ ಊಟ ಮೊದಲೇ ಬುಕ್ ಮಾಡಿ, ಜೊತೆಗೆ ನಾಲ್ಕು ಚಪಾತಿ ಕಟ್ಟಿ ಕೊಡಿ, ಆದರೆ ಫ್ರಾಂಕ್‌ಫರ್ಟ್ ಮುಟ್ಟುವುದರೊಳಗೆ ಮುಗಿಸಲಿ. ಸಿಬ್ಬಂದಿಯನ್ನು ಕರೆಯಲು ಸೀಟಿನ ಹತ್ತಿರ ಇರುವ, ಮನುಷ್ಯನ ಗುರುತಿನ ಗುಂಡಿಯ ಚಿತ್ರ ತೋರಿಸಿ, ಒತ್ತಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ಹೇಳಿ. ಇತ್ತೀಚೆಗೆ ಆಪರೇಷನ್ ಆಗಿದ್ದರೆ ಡಾಕ್ಟರ್ ಪತ್ರ ತೆಗೆದುಕೊಂಡು ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ.

ವಿಮಾನ ಇಳಿಸಿದ ಖರ್ಚು ಸಾಮಾನ್ಯವಾಗಿ ವಿಮಾನ ಸಂಸ್ಥೆಯದೇ. ಇಳಿದ ಊರಿನ ಆಸ್ಪತ್ರೆ ಬಿಲ್ ಮಾತ್ರ ನಿಮ್ಮದು. ಪ್ರಯಾಣ ವಿಮೆ ಮಾಡಿಸಿ, ಅರ್ಜಿಯಲ್ಲಿ ಬಿಪಿ, ಶುಗರ್ ಇದೆ ಅಂತ ಮುಚ್ಚಿಡದೆ ಬರೆಯಿರಿ.